ನೀಲವ್ವನ ಗದ್ದದ ಹುಣ್ಣು

ಹೋದ ವಾರ ನಾನು ಪಾಠ ಹೇಳುವ ದಂತವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಒಬ್ಬಳು ವಿದ್ಯಾರ್ಥಿನಿ ಕಾಯಿಸಿದ ಕಡ್ಡಿಯಿಂದ ಗಟ್ಟಾಪರ್ಚಾ ಕತ್ತರಿಸುತ್ತಿದ್ದಳು. ಬೇರಿನ ತುದಿಯವರೆಗೆ ಶುದ್ಧ ಮಾಡಿದ ಹಲ್ಲಿನೊಳಗೆ ತುಂಬುವ ತೆಳುಗುಲಾಬಿ ಎಳೆ ಅದು. ಊದುಬತ್ತಿಯ ಕಡ್ಡಿಗಿಂತ ಸಣ್ಣದು, ಬಾಗಿಸಿದಂತೆ ಬಾಗುವಷ್ಟು ಮೆದು. ಬಿಸಿ ತಾಗಿದರೆ ಸುಟ್ಟ ರಬ್ಬರಿನಂಥ, ಸ್ವಲ್ಪ ಸಿಹಿ ಬೆರೆತ ವಾಸನೆ ಏಳುತ್ತದೆ. ದಿನವೂ ಮೂಗಿಗೆ ಬೀಳುವ ವಾಸನೆಯೇ. ಅವತ್ತು ಮಾತ್ರ ಹೊರಗೆ ಮಳೆ ಹಿಡಿದಿತ್ತು, ಕಿಟಕಿ ಮುಚ್ಚಿತ್ತು, ವಾಸನೆ ಕೋಣೆಯಲ್ಲೇ ನಿಂತುಬಿಟ್ಟಿತು. ಲಕ್ಷ್ಮೇಶ್ವರದ ಒಂದೇ ಕುರ್ಚಿಯ ಆ ದವಾಖಾನೆ, ಗದ್ದಕ್ಕೆ ಸೆರಗು ಒತ್ತಿಕೊಂಡು ಮೂಲೆಯ ಬೆಂಚಿನಲ್ಲಿ ಕೂತಿದ್ದ ನೀಲವ್ವ, ಆ ವರ್ಷವಿಡೀ ನನ್ನ ಜೊತೆಗಿದ್ದ ಮೌನ, ಎಲ್ಲ ಒಟ್ಟಿಗೆ ಬಂದವು.

ಆಗ ನನಗೆ ಇಪ್ಪತ್ತಾರು. ಮಂಡ್ಯದ ಕಡೆಯವಳು. ದಂತವೈದ್ಯಕೀಯ ಮುಗಿಸಿ, ಮೇಲಿನ ಓದಿಗೆ ಎರಡು ಸಲ ಪರೀಕ್ಷೆ ಬರೆದು, ಎರಡು ಸಲವೂ ಸೀಟು ಸಿಗದೆ ಮನೆಯಲ್ಲಿ ಕೂತಿದ್ದೆ. ಗದಗದಲ್ಲಿ ದೊಡ್ಡ ದವಾಖಾನೆ ಇಟ್ಟಿದ್ದ ಹಿರಿಯ ದಂತವೈದ್ಯರೊಬ್ಬರು ಲಕ್ಷ್ಮೇಶ್ವರದಲ್ಲಿ ಒಂದು ಶಾಖೆ ತೆರೆದಿದ್ದರು. ಅದನ್ನು ಒಂದು ವರ್ಷ ನೋಡಿಕೊಳ್ಳುವವರು ಬೇಕಾಗಿದ್ದರು. ನಾನು ಒಪ್ಪಿಕೊಂಡು ಬಂದೆ. ಅವರು ಶನಿವಾರ ಮಾತ್ರ ಬಂದು ಹೋಗುವರು. ಊರವರಂತೆ ನಾನೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದೆ. ಉಳಿದ ದಿನ ಬಾಗಿಲು ತೆರೆಯುವುದು, ಕುರ್ಚಿ ಒರೆಸುವುದು, ಸಲಕರಣೆ ಕುದಿಸುವುದು, ಹಲ್ಲು ನೋಡುವುದು ಎಲ್ಲ ನಾನೇ.

ನಮ್ಮ ಕೆಲಸದಲ್ಲಿ ಒಂದು ವಿಚಿತ್ರವಿದೆ. ದಿನಕ್ಕೆ ಇಪ್ಪತ್ತು ಜನ ಎದುರಿಗೆ ಬಂದರೂ ಯಾರ ಜೊತೆಗೂ ಮಾತಾಗುವುದಿಲ್ಲ. ಬರುವಾಗ ನೋವಿನಲ್ಲಿರುತ್ತಾರೆ, ನೋವಿನದು ಬಿಟ್ಟು ಬೇರೆ ಮಾತು ಬರುವುದಿಲ್ಲ. ಬಾಯಿ ತೆರೆದು ಮಲಗಿದವರಿಗೆ ಮಾತಾಡಲಾಗದು. ಹೋಗುವಾಗ ಬಾಯಲ್ಲಿ ಹತ್ತಿ. ಒಂದು ಗಂಟೆ ಮಾತಾಡಬೇಡಿ ಎಂದು ನಾನೇ ಹೇಳಿ ಕಳಿಸಬೇಕು. ಬುಧವಾರ ದವಾಖಾನೆಗೆ ರಜೆ. ಆ ದಿನ ಸಂಜೆ ಹಾಲು ತರಲು ಹೋಗಿ ಅಂಗಡಿಯಲ್ಲಿ ಬಾಯಿ ತೆರೆದರೆ ಗಂಟಲು ಕಟ್ಟಿದಂತಿರುತ್ತಿತ್ತು. ಬೆಳಗಿನಿಂದ ಒಂದು ಶಬ್ದವೂ ಆಡಿಲ್ಲವೆಂದು ಆಗ ಹೊಳೆಯುತ್ತಿತ್ತು. ಜೊತೆಗೆ ಓದಿದವರೆಲ್ಲ ಎಲ್ಲೆಲ್ಲೋ ಆಸ್ಪತ್ರೆಯ ಡ್ಯೂಟಿಯಲ್ಲಿದ್ದರು. ಫೋನು ಮಾಡಿದರೆ "ಆಮೇಲೆ ಮಾಡ್ತೀನಿ ಕಣೇ" ಎನ್ನುವರು. ಮಾಡುತ್ತಿರಲಿಲ್ಲ. ಅವರ ಮೇಲೆ ಸಿಟ್ಟೂ ಇರಲಿಲ್ಲ ನನಗೆ.

ಶ್ರಾವಣದ ಹೊತ್ತಿಗೆ ಗುರವ್ವ ಎಂಬ ಮುದುಕಿ ಬಂದಳು. ಬೆಳ್ಳಟ್ಟಿಯಿಂದ ಇನ್ನೂ ಒಳಗಿನ ಒಂದು ಸಣ್ಣ ಹಳ್ಳಿಯವಳು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಮಾತು ಮಾತ್ರ ಬೇಕಾದಷ್ಟಿತ್ತು.

"ರೊಟ್ಟಿ ತಿನ್ನಬೇಕ್ರಿ ಡಾಕ್ಟ್ರಬಾಯಿ. ಅನ್ನ ತಿಂದು ತಿಂದು ಬ್ಯಾಸರಾಗೇತಿ. ರೊಟ್ಟಿ ತಿನ್ನುವಂಥಾ ಹಲ್ಲು ಕೂಡಿಸ್ರಿ."

ಪೂರ್ತಿ ಹಲ್ಲಿನ ಸೆಟ್ ಕೂಡಿಸಲು ನಾಲ್ಕೈದು ಸಲವಾದರೂ ಬರಬೇಕಾಗುತ್ತದೆ. ಪ್ರತಿ ಸಲವೂ ಅವಳನ್ನು ಕೈ ಹಿಡಿದು ಕರೆತರುತ್ತಿದ್ದವಳು ಸೊಸೆ ನೀಲವ್ವ. ನಲವತ್ತರ ಆಸುಪಾಸು, ಗಟ್ಟಿ ಮೈಕಟ್ಟು. ಬಂದವಳೇ ಮೂಲೆಯ ಬೆಂಚಿಗೆ ಹೋಗಿ, ಸೆರಗಿನ ತುದಿಯನ್ನು ಗದ್ದಕ್ಕೆ ಒತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂಡುವಳು. ನಾಚಿಕೆಯವಳಿರಬೇಕು ಅಂದುಕೊಂಡೆ. ಮೂರನೆಯ ಸಲ ಬಂದಾಗ ಸೆರಗಿನ ಆ ಜಾಗ ಒದ್ದೆಯಾಗಿ, ಹಳದಿ ಕಲೆ ಕಟ್ಟಿದ್ದು ಕಣ್ಣಿಗೆ ಬಿತ್ತು.

"ಏನಾಗಿದೆ ಅಲ್ಲಿ? ತೋರಿಸಿ," ಎಂದೆ.

ಅವಳು ಅತ್ತೆಯ ಮುಖ ನೋಡಿ, ನಿಧಾನಕ್ಕೆ ಸೆರಗು ಸರಿಸಿದಳು. ಗದ್ದದ ನಟ್ಟನಡುವೆ, ಸ್ವಲ್ಪ ಕೆಳಗೆ, ಬಟಾಣಿ ಕಾಳಿನಷ್ಟು ದೊಡ್ಡ ಕೆಂಪು ಹುಣ್ಣು. ನಡುವೆ ಸೂಜಿ ಚುಚ್ಚಿದಂಥ ತೂತು, ಅದರ ಬಾಯಲ್ಲಿ ಒಂದು ಹನಿ ಕೀವು. ಸುತ್ತ ಹಳೆಯ ಹೊಲಿಗೆಯ ಗುರುತು.

"ಎರಡು ವರ್ಷಾತ್ರಿ. ಒಣಗತೈತಿ, ಮತ್ತ ಒಡೀತೈತಿ. ಗುಳಿಗಿ ನುಂಗೀನಿ, ಮುಲಾಮು ಹಚ್ಚೀನಿ, ಸೂಜಿ ಮಾಡಿಸೀನಿ. ಹುಬ್ಬಳ್ಳಿಗೆ ಹೋದ್ರ ಕೊಯ್ದು ಹೊಲಿಗಿ ಹಾಕಿದ್ರು. ಎರಡು ತಿಂಗಳು ಸುಮ್ಮನಿತ್ತು. ಆಮ್ಯಾಲ ಹೊಲಿಗಿ ಬಾಜೂಕ ಮತ್ತ ಬಂತು."

"ಇದು ಚರ್ಮದ ತೊಂದರೆ. ಗದಗದಲ್ಲಿ ಒಳ್ಳೆಯ ಚರ್ಮದ ಡಾಕ್ಟರಿಗೆ ತೋರಿಸಿ," ಎಂದೆ.

"ಆತ್ರಿ," ಎಂದಳು. ಆ ಮಾತನ್ನು ಅವಳು ಎಷ್ಟು ಜನರಿಗೆ ಹೇಳಿದ್ದಳೋ. ಸೆರಗು ಮತ್ತೆ ಗದ್ದಕ್ಕೆ ಹೋಯಿತು.

ಎರಡು ದಿನದ ಮೇಲೆ ಬೆಳಿಗ್ಗೆ, ಸ್ಟೌ ಮುಂದೆ ನಿಂತು ಉಪ್ಪಿಟ್ಟು ಕಲಸುತ್ತಿದ್ದಾಗ ಅವಳ ಮಾತು ಮನಸ್ಸಿಗೆ ಬಂತು. ಒಣಗತೈತಿ, ಮತ್ತ ಒಡೀತೈತಿ. ಕೊಯ್ದು ತೆಗೆದರೂ ಪಕ್ಕದಲ್ಲೇ ಬಂತು. ಕೈ ನಿಂತಿತು. ಮೂರನೆಯ ವರ್ಷದ ತರಗತಿಯಲ್ಲಿ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ದವಡೆಯ ಚಿತ್ರ ಬರೆದು ತೋರಿಸಿದ್ದರು. ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ಅದು ಮೂಳೆ ಕೊರೆದು ದಾರಿ ಮಾಡಿಕೊಂಡು ಕೆಲವರಲ್ಲಿ ಬಾಯೊಳಗೆ ಬರದೆ ಗದ್ದದ ಮೇಲೋ ಕೆನ್ನೆಯ ಮೇಲೋ ಹೊರಬೀಳುತ್ತದೆ. ಕೀವಿಗೆ ಹರಿದುಹೋಗಲು ದಾರಿ ಸಿಕ್ಕಿರುವುದರಿಂದ ಹಲ್ಲು ನೋಯುವುದಿಲ್ಲ. ನೋಯದ ಹಲ್ಲನ್ನು ಯಾರೂ ಹಲ್ಲಿನ ಡಾಕ್ಟರಿಗೆ ತೋರಿಸುವುದಿಲ್ಲ. ಚರ್ಮಕ್ಕೆ ಮದ್ದು ಹಚ್ಚುತ್ತ ವರ್ಷಗಳು ಹೋಗುತ್ತವೆ.

ಹಲ್ಲಿನ ಡಾಕ್ಟರ ಮುಂದೆಯೇ ಆ ಹುಣ್ಣು ಮೂರು ಸಲ ಬಂದು ಕೂತಿತ್ತು. ಕೊನೆಗೆ ಕಣ್ಣಾರೆ ನೋಡಿಯೂ "ಬಾಯಿ ತೆರೀರಿ" ಎಂಬ ಎರಡು ಶಬ್ದ ನನಗೆ ಹೊಳೆಯಲಿಲ್ಲ. ಎರಡು ಸಲ ಸೀಟು ತಪ್ಪಿದಾಗಲೂ ನನಗೆ ನಾನು ಅಷ್ಟು ಸಣ್ಣವಳೆನಿಸಿರಲಿಲ್ಲ.

ಗುರವ್ವನ ಮುಂದಿನ ಸರದಿಗೆ ಹೇಳಿಬಿಡೋಣವೆಂದು ಕಾದೆ. ಅವರು ಬರಲಿಲ್ಲ. ಒಂದು ವಾರ ಜಿಟಿಜಿಟಿ ಮಳೆ ಹಿಡಿದು, ಅವರೂರಿನ ಹಳ್ಳ ತುಂಬಿ ಹರಿಯುತ್ತಿದೆಯೆಂದು ಯಾರೋ ಹೇಳಿದರು. ಅವರು ಬರೆಸಿದ್ದ ಫೋನ್ ನಂಬರು ನೀಲವ್ವನ ಗಂಡನದು. ಅವನು ಗೋವಾದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕಿದ್ದ. "ಊರಾಗ ಮಳಿ ಐತಂತ್ರಿ, ಮಳಿ ನಿಂತ ಮ್ಯಾಲ ಬರ್ತಾರ," ಎಂದು ಇಟ್ಟುಬಿಟ್ಟ. ಮಳೆ ನಿಂತು ಮತ್ತೊಂದು ವಾರವಾಯಿತು. ಗುರವ್ವನ ಹಲ್ಲಿನ ಸೆಟ್ ಗದಗದ ಲ್ಯಾಬಿನಿಂದ ಬಂದು ನೀರಿನ ಡಬ್ಬಿಯಲ್ಲಿ ಕೂತಿತ್ತು. ಬುಧವಾರ ಆ ಡಬ್ಬಿ ಹಿಡಿದುಕೊಂಡು ಬೆಳ್ಳಟ್ಟಿಯ ಬಸ್ಸು ಹತ್ತಿದೆ, ಅಲ್ಲಿಂದ ಒಂದು ಟಂಟಂ ರಿಕ್ಷಾ.

ಎರೆಹೊಲಗಳಲ್ಲಿ ಶೇಂಗಾ ಹೂ ಬಿಟ್ಟಿತ್ತು. ಊರ ಮುಂದೆಯೇ ಶಾಲೆ. ನೀಲವ್ವ ಅಲ್ಲಿ ಮಕ್ಕಳ ಬಿಸಿಯೂಟದ ಅಡುಗೆಯವಳೆಂದು ಗುರವ್ವ ಹೇಳಿದ್ದು ನೆನಪಿತ್ತು. ಮಧ್ಯಾಹ್ನದ ಊಟದ ಹೊತ್ತು. ಮಕ್ಕಳು ಪಡಸಾಲೆಯಲ್ಲಿ ತಾಟು ಹಿಡಿದು ಸಾಲಾಗಿ ಕೂತಿದ್ದವು. ಅಡುಗೆಕೋಣೆಯಲ್ಲಿ ಬೇರೆ ಇಬ್ಬರು ಹೆಂಗಸರಿದ್ದರು. ನೀಲವ್ವ ದೂರದಲ್ಲಿ, ಬೇವಿನ ಮರದ ಕೆಳಗೆ, ಒಬ್ಬಳೇ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

ನನ್ನನ್ನು ನೋಡಿ ಗಾಬರಿಯಾಗಿ ಎದ್ದಳು. "ಅಯ್ಯ, ಡಾಕ್ಟ್ರಬಾಯಿ! ನೀವ್ಯಾಕ ಬರಾಕ ಹೋದ್ರಿ?"

"ಅಡುಗೆ ನೀವಲ್ಲವಾ ಮಾಡೋದು?"

"ಮಾಡ್ತಿದ್ನಿರಿ." ಮೊರವನ್ನು ಕಲ್ಲಿನ ಮೇಲಿಟ್ಟಳು. "ಮಾರಿ ಮ್ಯಾಲ ಕೀವು ಸೋರ್ತೈತಿ, ಆಕಿ ಕೈಯಾಂದು ನಮ್ಮ ಹುಡುಗೂರು ಉಣ್ಣಬಾರದು ಅಂತ ನಾಕು ಮಂದಿ ಹೋಗಿ ಹೆಡ್ ಮಾಸ್ತರಿಗೆ ಹೇಳಿದ್ರು. ಅವ್ರರೆ ಏನು ಮಾಡ್ತಾರ? ಒಲಿ ಮುಂದ ಬ್ಯಾಡ, ಹೊರಗ ಕುಂತು ಅಕ್ಕಿ ಹಸನ ಮಾಡು ಅಂದ್ರು. ಅಕ್ಕಿ ಆಮ್ಯಾಲ ತೊಳೀತಾರಲ್ರಿ, ಅದಕ ನಡೀತೈತಿ."

ಆಮೇಲೆ ತೊಳೆಯುವಂಥದ್ದನ್ನು ಮಾತ್ರ ಅವಳು ಮುಟ್ಟಬಹುದಿತ್ತು. ಅದನ್ನು ಸಿಟ್ಟಿಲ್ಲದೆ, ಊರ ದಾರಿ ಹೇಳಿದಷ್ಟು ಸಹಜವಾಗಿ ಹೇಳಿದಳು.

"ಬಾಯಿ ತೆರೀರಿ," ಎಂದೆ.

"ನಂದಾ? ನನ್ನ ಹಲ್ಲು ನೋಯೂದಿಲ್ರಿ."

"ತೆರೀರಿ."

ಬಿಸಿಲಿಗೆ ಮುಖ ಮಾಡಿ ತೆರೆದಳು. ಕೆಳಗಿನ ಮುಂದಿನ ಹಲ್ಲುಗಳಲ್ಲಿ ಒಂದರ ಬಣ್ಣ ಉಳಿದವಕ್ಕಿಂತ ಮಂಕಾಗಿತ್ತು, ಸ್ವಲ್ಪ ಬೂದಿ ಬೆರೆಸಿದಂತೆ. ಹುಳುಕಿರಲಿಲ್ಲ, ಮುರಿದಿರಲಿಲ್ಲ, ಹುಡುಕುವವರಿಗೆ ಮಾತ್ರ ಕಾಣುವಂಥದ್ದು. ಕೈ ತೊಳೆದು ಬಂದು ತುಟಿಯ ಒಳಗೊಂದು ಬೆರಳು, ಹೊರಗೊಂದು ಬೆರಳು ಇಟ್ಟು ಒತ್ತಿದೆ. ಹುಣ್ಣಿನಿಂದ ಮೂಳೆಯ ಕಡೆಗೆ ದಾರದಂಥದ್ದೊಂದು ಗಟ್ಟಿಯಾಗಿ ಸಿಕ್ಕಿತು.

"ಯಾವಾಗಲಾದರೂ ಗದ್ದಕ್ಕೆ ಪೆಟ್ಟು ಬಿದ್ದಿತ್ತಾ?"

"ಬೋರಿನ ಹಿಡಿಕಿ ಬಡದಿತ್ರಿ. ನೀರು ಹೊಡೆಯೂ ಮುಂದ ಕೈ ಜಾರಿ ಹಿಡಿಕಿ ಮ್ಯಾಲೆದ್ದು ಇಲ್ಲೇ ಬಡೀತು. ಅದಾಗಿ ಬಾಳ ವರ್ಷಾತು. ರಕ್ತ ಬಂದಿತ್ತು, ನಿಂತಿತು, ಮರತ್ನಿ." ಆಮೇಲೆ ದನಿ ತಗ್ಗಿಸಿ, ಅಡುಗೆಕೋಣೆಯ ಕಡೆ ನೋಡಿ ಕೇಳಿದಳು: "ಇದು ಕ್ಯಾನ್ಸರ್ ಅಲ್ಲೇನ್ರಿ?"

"ಯಾರು ಹೇಳಿದರು?"

"ಯಾರೂ ಹೇಳಿಲ್ರಿ. ಹುಬ್ಬಳ್ಯಾಗ ಕೊಯ್ದಿದ್ದನ್ನ ತಪಾಸಕ್ಕ ಕಳಿಸೀವಿ, ಹದಿನೈದು ದಿನ ಬಿಟ್ಟು ಬಂದು ಚೀಟಿ ಒಯ್ರಿ ಅಂದಿದ್ರು. ನಾ ಹೋಗಲೇ ಇಲ್ರಿ. ಏನ ಬರದಿರ್ತಾರೋ ಅಂತ ಅಂಜಿಕಿ. ಈಗ ಆ ರಸೀದಿನೂ ಇಲ್ಲ. ಇದನ್ನ ಯಾರ ಮುಂದನೂ ಹೇಳಿಲ್ರಿ, ನಮ್ಮನಿಯವರ ಮುಂದೂ."

ಒಂದೂವರೆ ವರ್ಷ ಅವಳು ಆ ಓದದ ಚೀಟಿಯ ಭಯವನ್ನು ಒಬ್ಬಳೇ ಹೊತ್ತುಕೊಂಡು ಅಕ್ಕಿ ಹಸನು ಮಾಡಿದ್ದಳು.

ಅವರ ಮನೆಗೆ ಹೋಗಿ ಗುರವ್ವನಿಗೆ ಹಲ್ಲು ಕೂಡಿಸಿದೆ. ಮುದುಕಿ ಕನ್ನಡಿ ನೋಡಿಕೊಂಡು ನಕ್ಕಳು, ರೊಟ್ಟಿಯ ಚೂರು ಬಾಯಿಗಿಟ್ಟು ಕಚಕಚ ಅಗಿದಳು. ಹುಣ್ಣು ಹಲ್ಲಿನಿಂದ ಬಂದಿರಬೇಕೆಂದು ನಾನು ಹೇಳಿದ್ದೆಲ್ಲ ಕೇಳಿ ಸೊಸೆಗೆ, "ಇಲ್ಲದ ಹಲ್ಲಿಗೆ ನಾ ಮೂರು ಸಲ ಹೋಗಿ ಬಂದೆ. ಇದ್ದ ಹಲ್ಲಿಗೆ ನೀ ಹೋಗಾಕ ಏನಾಗೇತಿ? ನಡೀ," ಎಂದಳು.

ನೀಲವ್ವ ಮಾರನೆಯ ದಿನವೇ ಬಂದಳು. ತಣ್ಣಗೆ ಗೊತ್ತಾದರೆ ಕೈಯೆತ್ತಲು ಹೇಳಿ, ತಣ್ಣಗಿನ ಹತ್ತಿಯನ್ನು ಒಂದೊಂದೇ ಹಲ್ಲಿಗೆ ತಾಗಿಸಿದೆ. ಉಳಿದ ಹಲ್ಲುಗಳಿಗೆ ತಾಗಿದಾಗ ಕೈಯೆತ್ತಿದಳು. ಆ ಮಂಕು ಹಲ್ಲಿಗೆ ತಾಗಿದಾಗ ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಹಲ್ಲು ಸತ್ತು ಎಷ್ಟೋ ಕಾಲವಾಗಿತ್ತು. ಗದ್ದದ ತೂತಿನೊಳಕ್ಕೆ ಗಟ್ಟಾಪರ್ಚಾದ ಒಂದು ಎಳೆಯನ್ನು ಮೆಲ್ಲಗೆ, ತಾನಾಗಿ ಹೋಗುವಷ್ಟು ದೂರ ಬಿಟ್ಟೆ. ಹಾಗೇ ಎಕ್ಸ್‌ರೇ ತೆಗೆದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಚಿತ್ರ ಮೂಡಿತು. ಬಿಳಿಯ ಗೆರೆಯೊಂದು ಗದ್ದದ ಹೊರಗಿಂದ ಹೊರಟು, ಓರೆಯಾಗಿ ಮೇಲೇರಿ, ಆ ಹಲ್ಲಿನ ಬೇರಿನ ತುದಿಯ ಕಪ್ಪು ವೃತ್ತದೊಳಗೆ, ಕೀವು ಕಟ್ಟಿದ ಜಾಗದಲ್ಲೇ, ನಿಂತಿತ್ತು.

ಪರದೆಯನ್ನು ಅವಳ ಕಡೆ ತಿರುಗಿಸಿದೆ. ಕುರ್ಚಿಯಲ್ಲಿ ಎದ್ದು ಕೂತು ನೋಡಿದಳು.

"ಈ ಬಿಳಿ ಗೆರಿ ನೀವು ಈಗ ಹಾಕಿದ್ದ ಏನ್ರಿ?"

"ಹೌದು. ಎಲ್ಲಿ ಹೋಗಿ ಮುಟ್ಟಿದೆ ನೋಡಿ."

ಬೆರಳಿನಿಂದ ಗೆರೆಯನ್ನು ಪರದೆಯ ಮೇಲೆ ಹಿಂಬಾಲಿಸಿದಳು. "ಮುಲಾಮು ಹಚ್ಚಿದ್ದೆಲ್ಲ ಬಾಗಲಕ್ಕಾತು. ರೋಗ ಒಳಮನ್ಯಾಗ ಕುಂತಿತ್ತು," ಎಂದಳು.

ದೊಡ್ಡ ಡಾಕ್ಟರಿಗೆ ಫೋನು ಮಾಡಿದೆ. ಅವರಿಗೆ ಇಷ್ಟವಾಗಲಿಲ್ಲ. "ಹಲ್ಲು ಕಿತ್ತಾಕಿ ಹುಬ್ಬಳ್ಳಿಗೆ ಕಳಿಸವಾ. ಮಾರಿ ಮ್ಯಾಲಿನ ಹುಣ್ಣು ನಮ್ಮ ಕೆಲಸ ಅಲ್ಲ. ತಪಾಸಣಿ ಚೀಟಿ ಬ್ಯಾರೆ ಇಲ್ಲ ಅಂತೀ. ನೀ ಹಲ್ಲು ತಿಕ್ಕೊಂತ ಕುಂತು, ಒಳಗ ಬ್ಯಾರೆ ಏನರ ಇದ್ರ? ತಡಾ ಆದದ್ದಕ್ಕ ಯಾರು ಜವಾಬ್ದಾರಿ?"

ಅವರ ಮಾತು ತಪ್ಪಾಗಿರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ನೀಲವ್ವನಿಗೆ ಎಲ್ಲ ಬಿಚ್ಚಿ ಹೇಳಿದೆ. ಬೇರನ್ನು ಶುದ್ಧಮಾಡಿದರೆ ಮೂರು ವಾರದೊಳಗೆ ಹುಣ್ಣು ತಾನಾಗಿ ಮುಚ್ಚಬೇಕು. ಮುಚ್ಚದಿದ್ದರೆ ಒಂದು ದಿನವೂ ತಡಮಾಡದೆ ಹುಬ್ಬಳ್ಳಿಗೆ ಹೋಗಿ ಮತ್ತೆ ತಪಾಸಣೆ ಮಾಡಿಸಬೇಕು, ಈ ಸಲ ಚೀಟಿ ತರಬೇಕು. "ಹೂಂ ಅನ್ನಿ, ಆಮೇಲೆ ಶುರು ಮಾಡ್ತೀನಿ."

ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಹೂಂರಿ," ಎಂದಳು.

ಸತ್ತ ಹಲ್ಲು, ನೋವಿಲ್ಲ. ಹಲ್ಲಿನ ಹಿಂಬದಿಯಿಂದ ಸಣ್ಣ ಕಿಂಡಿ ತೆರೆದೊಡನೆ ಕೆಟ್ಟ ವಾಸನೆ ಬಂತು. ಮೊದಲು ಉಪ್ಪುನೀರು ಬಿಟ್ಟು ಮೆಲ್ಲಗೆ ತೊಳೆದೆ. ಹಲ್ಲಿನೊಳಗೆ ಬಿಟ್ಟ ನೀರು ಹನಿಯಾಗಿ ಗದ್ದದ ತೂತಿನಿಂದ ಹೊರಬಂತು. ಅದು ಕತ್ತಿನ ಕಡೆ ಇಳಿಯುವುದು ಗೊತ್ತಾಗಿ ಅವಳ ಕಣ್ಣು ಅಗಲವಾದವು. ಬೇರಿನ ಕಾಲುವೆಯನ್ನು ತಿಕ್ಕಿ ಶುದ್ಧಮಾಡಿ, ಸುಣ್ಣದಂಥ ಬಿಳಿ ಔಷಧ ತುಂಬಿ, ಕಿಂಡಿ ಮುಚ್ಚಿ ಕಳಿಸಿದೆ. ಮುಲಾಮು ಬೇಡ, ಗುಳಿಗೆ ಬೇಡ ಎಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ.

ಒಂದು ವಾರದ ಮೇಲೆ ಬಂದಳು. ಸೆರಗು ಒದ್ದೆ. ಕೀವು ಕಡಿಮೆಯಾಗಿತ್ತು, ನಿಂತಿರಲಿಲ್ಲ. ಮತ್ತೆ ತೊಳೆದು ಔಷಧ ಬದಲಿಸಿದೆ. ಧೈರ್ಯದ ಮುಖ ಮಾಡಿ ಕಳಿಸಿದೆನೇ ಹೊರತು, ಆ ವಾರ ನನಗೆ ಊಟ ಸೇರಲಿಲ್ಲ. ಕೇಳಲು ಯಾರೂ ಇರಲಿಲ್ಲ. ಪುಸ್ತಕದಲ್ಲಿ ಆ ಪುಟವನ್ನು ಎಷ್ಟು ಸಲ ಓದಿದೆನೆಂದರೆ ಸಾಲುಗಳು ಬಾಯಿಗೆ ಬಂದವು. ಪುಸ್ತಕ ಹೇಳಿದ್ದನ್ನೇ ಹೇಳುತ್ತಿತ್ತು. ನನ್ನ ಕೈ ಸರಿಯಾಗಿ ಮಾಡಿದೆಯೇ ಎಂದು ಪುಸ್ತಕಕ್ಕೆ ಗೊತ್ತಿರುವುದಿಲ್ಲ.

ಎರಡನೆಯ ವಾರ ಅವಳು ಬಾಗಿಲಲ್ಲೇ ನಿಂತಳು. ಸೆರಗು ಗದ್ದದ ಮೇಲೆಯೇ ಇತ್ತು. ಹತ್ತಿರ ಹೋಗಿ ಅವಳ ಕೈ ಸರಿಸಿದೆ. ಒಣಗಿತ್ತು. ತೂತು ಮುಚ್ಚಿ, ಅಲ್ಲೊಂದು ಸಣ್ಣ ತಗ್ಗು ಮಾತ್ರ ಉಳಿದಿತ್ತು. ಒತ್ತಿದೆ; ಏನೂ ಬರಲಿಲ್ಲ.

"ಸೋರೂದು ನಿಂತು ಐದು ದಿನಾತ್ರಿ," ಎಂದಳು. "ಖರೆ ಅನ್ನಿಸ್ಲಿಲ್ಲ. ಅದಕ ಸೆರಗು ತಗೀಲಿಲ್ಲ."

ಮೂರನೆಯ ವಾರವೂ ಒಣಗಿಯೇ ಇತ್ತು. ಬೇರಿನೊಳಗೆ ಗಟ್ಟಾಪರ್ಚಾ ತುಂಬಿ, ಕಾದ ಕಡ್ಡಿಯಿಂದ ತುದಿ ಕತ್ತರಿಸಿದೆ. ಶಾಲೆಗೆ ಒಂದು ಕಾಗದ ಬರೆದುಕೊಟ್ಟೆ: ಇದು ಅಂಟುರೋಗವಲ್ಲ, ಹಲ್ಲಿನಿಂದ ಬಂದದ್ದು, ವಾಸಿಯಾಗಿದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮುಂದೊಮ್ಮೆ ಗುರವ್ವ ಹಲ್ಲು ಒತ್ತುತ್ತದೆಂದು ಬಂದಾಗ ಸುದ್ದಿ ಹೇಳಿದಳು. ನೀಲವ್ವ ಮತ್ತೆ ಒಲೆಯ ಮುಂದೆ ನಿಂತ ದಿನ ಒಬ್ಬ ತಾಯಿ ಬಂದು ತನ್ನ ಹುಡುಗಿಯನ್ನು ಸಾಲಿನಿಂದ ಎಬ್ಬಿಸಿಕೊಂಡು ಹೋದಳಂತೆ. ಎಂಟು ದಿನದ ಮೇಲೆ ಆ ಹುಡುಗಿ ತಾನೇ ಬಂದು ಕೂತಳಂತೆ.

ನೀಲವ್ವ ಮಾತ್ರ ಬರಲಿಲ್ಲ. ವಾಸಿಯಾದವರು ದವಾಖಾನೆಗೆ ಬರುವುದಿಲ್ಲ, ಬರಬಾರದು. ನಾನು ಬಯಸಿದ್ದೂ ಅದನ್ನೇ. ಆದರೂ ವಾರಕ್ಕೊಮ್ಮೆ ಅವಳ ದಾರಿ ಕಾಯುವುದು ರೂಢಿಯಾಗಿಬಿಟ್ಟಿತ್ತು. ದೀಪಾವಳಿ ಹೋಯಿತು, ಬಿಳಿಜೋಳ ಎದೆಯೆತ್ತರ ಬೆಳೆಯಿತು. ಹಲ್ಲು ಕಿತ್ತೆ, ಹುಳುಕು ತುಂಬಿದೆ, ಬುಧವಾರ ಬಟ್ಟೆ ಒಗೆದೆ. ನನ್ನ ವರ್ಷ ಮುಗಿಯಲು ಎರಡು ತಿಂಗಳಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಅವಳ ದನಿ. ಜೊತೆಗೆ ಇನ್ನೊಬ್ಬ ಹೆಂಗಸು, ಐವತ್ತರ ಮೇಲಿನವಳು, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು.

"ಈಕಿ ಹನಮವ್ವ ಅಂತ್ರಿ, ಮುಂಡರಗಿ ಕಡೆಯಾಕಿ. ಶಿರಹಟ್ಟಿ ಬಸ್‌ಸ್ಟ್ಯಾಂಡಿನ್ಯಾಗ ಹಿಂಗ ಸೆರಗು ಹಿಡಕೊಂಡು ಕುಂತಿದ್ಲು. ನೋಡಿದ ಕೂಡ್ಲೇ ನನಗ ಗೊತ್ತಾತು. ಹಲ್ಲು ತೋರ್ಸಿಯೇನವಾ ಅಂತ ಕೇಳಿದೆ. ಇಲ್ಲ ಅಂದ್ಲು. ಎಬ್ಬಿಸಿಕೊಂಡ ಬಂದ್ನಿ." ಅವಳ ಮುಖ ಹೊಳೆಯುತ್ತಿತ್ತು. "ಮೊದ್ಲ ಬಾಯಿ ತೆಗಸ್ರಿ."

ತೆರೆಸಿದೆ. ಹುಣ್ಣು ಎಡಗೆನ್ನೆಯ ಮೇಲೆ, ಮೂಗಿನ ಹತ್ತಿರ. ಅಂಚು ಸ್ವಲ್ಪ ಎದ್ದು ಮಿರುಗುತ್ತಿತ್ತು. ಒಳಗಿಂದ ಬೆರಳಿಟ್ಟರೆ ದಾರದಂಥದ್ದೇನೂ ಸಿಗಲಿಲ್ಲ. ಎಲ್ಲ ಹಲ್ಲಿಗೂ ತಣ್ಣಗಿನ ಹತ್ತಿ ತಾಗಿಸಿದೆ. ಪ್ರತಿ ಹಲ್ಲಿಗೂ ಕೈಯೆತ್ತಿದಳು. ಎಕ್ಸ್‌ರೇಯಲ್ಲಿ ಬೇರುಗಳೆಲ್ಲ ಚೊಕ್ಕ.

"ಇದು ಹಲ್ಲಿನಿಂದ ಬಂದದ್ದಲ್ಲ," ಎಂದೆ.

ನೀಲವ್ವ ಕುರ್ಚಿಯ ಪಕ್ಕ ನಿಂತಿದ್ದಳು. "ಇನ್ನೊಮ್ಮೆ ನೋಡ್ರಿ, ಡಾಕ್ಟ್ರಬಾಯಿ."

ಗೊತ್ತಿದ್ದೂ ಇನ್ನೊಮ್ಮೆ ನೋಡಿದೆ. ಅಷ್ಟು ನಂಬಿ ಬಂದವಳಿಗೆ ಅದಕ್ಕಿಂತ ಹೆಚ್ಚೇನೂ ಕೊಡಲು ನನ್ನಲ್ಲಿರಲಿಲ್ಲ. "ಹುಬ್ಬಳ್ಳಿಗೆ ಹೋಗಬೇಕು. ತುಣುಕು ತೆಗೆದು ತಪಾಸಣೆ ಮಾಡಿಸಲೇಬೇಕು, ಬೇಗ. ಇಂಥದ್ದು ಬೇಗ ಸಿಕ್ಕರೆ ವಾಸಿಯಾಗುತ್ತೆ," ಎಂದು ಹೇಳಿ ಚೀಟಿ ಬರೆದೆ. ಚೀಟಿ ಹಿಡಿದ ಹನಮವ್ವನ ಕೈಯನ್ನೇ ನೀಲವ್ವ ನೋಡುತ್ತಿದ್ದಳು.

ಅದು ಚರ್ಮದ ಕ್ಯಾನ್ಸರೇ ಆಗಿತ್ತು, ನಿಧಾನಕ್ಕೆ ಬೆಳೆಯುವ ಜಾತಿಯದು. ಕೊಯ್ದು ತೆಗೆದರು, ಹನಮವ್ವ ಉಳಿದಳು. ಆ ಸುದ್ದಿಯನ್ನು ನೀಲವ್ವ ಫೋನಿನಲ್ಲಿ ಹೇಳಿದಾಗ ನಾನು ಲಕ್ಷ್ಮೇಶ್ವರ ಬಿಟ್ಟು ಮಂಡ್ಯದಲ್ಲಿ ಮೂರನೆಯ ಸಲ ಪರೀಕ್ಷೆಗೆ ಓದುತ್ತಿದ್ದೆ. ಆ ಸಲ ಸೀಟು ಸಿಕ್ಕಿತು. ನೀಲವ್ವನನ್ನು ಆಮೇಲೆ ನೋಡಿಲ್ಲ. ಕೊನೆಯ ಸಲ ನೋಡಿದ್ದು ಹನಮವ್ವನನ್ನು ಕರೆತಂದ ದಿನವೇ, ಬಸ್‌ಸ್ಟ್ಯಾಂಡಿನಲ್ಲಿ.

ದವಾಖಾನೆಗೆ ಬೀಗ ಹಾಕಿ ಅವರ ಜೊತೆ ನಡೆದು ಹೋಗಿದ್ದೆ. ಬೆಳ್ಳಟ್ಟಿಯ ಬಸ್ಸು ನಿಂತಿತ್ತು. ನೀಲವ್ವ ಅದರ ಕಡೆ ನೋಡದೆ ಹುಬ್ಬಳ್ಳಿಯ ಬಸ್ಸಿನತ್ತ ನಡೆದಳು.

"ನೀವೂ ಹೋಗ್ತೀರಾ? ಇವತ್ತು ಶಾಲೆ ಅಡುಗೆ?"

"ಉಳಿದವ್ರು ನೋಡ್ಕೋತಾರ್ರಿ," ಎಂದಳು. "ಅಲ್ಲಿ ಪಾಳಿಯೊಳಗ ಒಬ್ಬಾಕಿನ ಕುಂಡ್ರೂದು ಹೆಂಗಿರತೈತಿ ಅಂತ ನನಗ ಗೊತ್ತೈತಿ. ಚೀಟಿ ಕೊಡೂ ದಿನಾನೂ ನಾ ಹೋಗ್ತೀನ್ರಿ. ಇಲ್ಲಾಂದ್ರ ಈಕಿ ಹೋಗಂಗಿಲ್ಲ."

ಬಸ್ಸು ಬಹುತೇಕ ತುಂಬಿತ್ತು. ಕಿಟಕಿಯ ಆಚೆ ಅವರಿಬ್ಬರು ಜಾಗ ಹುಡುಕುವುದು ಕಾಣುತ್ತಿತ್ತು. ಮುಂದೆ, ಬಲಗಡೆ ಎರಡು ಸೀಟು ಖಾಲಿ ಇದ್ದವು; ಹನಮವ್ವ ಅಲ್ಲಿ ಕೂರಲು ಹೋದಳು. ನೀಲವ್ವ ಅವಳ ತೋಳು ಹಿಡಿದು ತಡೆದು, ಹಿಂದಕ್ಕೆ ಕರೆದೊಯ್ದು, ಎಡಗಡೆಯ ಕಿಟಕಿಯ ಪಕ್ಕ ಕೂರಿಸಿದಳು. ಹುಣ್ಣಿದ್ದ ಕೆನ್ನೆ ಕಿಟಕಿಯ ಕಡೆಗಾಯಿತು, ಬಸ್ಸಿನ ಮಂದಿಯ ಕಡೆ ಚೊಕ್ಕ ಕೆನ್ನೆ. ತಾನು ಪಕ್ಕದಲ್ಲಿ ಅಡ್ಡವಾಗಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಹನಮವ್ವನ ಕೈ ಸೆರಗನ್ನು ಬಿಟ್ಟು ಮಡಿಲಿಗೆ ಇಳಿಯಿತು.